ಕೂಗದ ಕಂಬ

ತನ್ನ ಮಗಳನ್ನು ಗಣಿ ಕೆಲಸದವನಿಗೆ ಕೊಡುವುದಿಲ್ಲ ಎಂದು ಲೋನಿ ಷೋರ್ ಹಟ ಹಿಡಿದಿದ್ದಳು. ನಾಯ್‌ಬಾಖ್‌ನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ, ಯಾಕೆಂದರೆ ಆಕೆ ಯಾವುದನ್ನೂ ಮೆಲ್ಲಗೆ ಹೇಳಿದವಳಲ್ಲ. ನಮ್ಮೂರಲ್ಲಿ ಇದ್ದವರೆಲ್ಲ ಗಣಿಯವರೇ. ಜರ್ಮನಿಯ ಸಾರ್ ಸೀಮೆ ಬಿಟ್ಟು ಅಮೆರಿಕದ ಇಲಿನಾಯ್‌ನ ಈ ಬಯಲಿಗೆ ಬಂದ ಜನ ಬೇರೆ ಏನು ಕಲಿತಿದ್ದೆವು? ಅಲ್ಲೂ ಕಲ್ಲಿದ್ದಲು, ಇಲ್ಲೂ ಕಲ್ಲಿದ್ದಲು. ನಡುವೆ ಒಂದು ಸಮುದ್ರ, ಅಷ್ಟೇ. ಇಂಥ ಊರಲ್ಲಿ ಗಣಿಯವನಲ್ಲದ ಗಂಡು ಹುಡುಕುವುದೆಂದರೆ ಸುಮ್ಮನೆ ಮಾತೇ? ಲೋನಿ ಹುಡುಕಿದಳು. ಬಿಯರ್ ಕಾರ್ಖಾನೆಯಲ್ಲಿ ಪೀಪಾಯಿ ಮಾಡುತ್ತಿದ್ದ ಸೆವೆರಿನ್. ಅಗಲ ಹೆಗಲು, ಕಡಿಮೆ ಮಾತು, ಉಗುರಲ್ಲಿ ಕರಿ ಇಲ್ಲ. ಉಗುರು ನೋಡಿಯೇ ಮಗಳನ್ನು ಕೊಟ್ಟಳು ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ ಬಿಡಿ. ಇಬ್ಬರು ಗಂಡುಮಕ್ಕಳನ್ನು ಒಂದೇ ವಾರದಲ್ಲಿ ಗಂಟಲುಮಾರಿಗೆ ಕೊಟ್ಟ ಹೆಂಗಸು ಅವಳು. ಉಳಿದದ್ದು ಟಿಲ್ಲಿ ಒಬ್ಬಳೇ.

ಮದುವೆಯಾಗಿ ವರ್ಷ ತುಂಬಿತ್ತೋ ಇಲ್ಲವೋ, ಆಗಸ್ಟ್ ತಿಂಗಳಲ್ಲಿ ಬಿಯರ್ ಕಾರ್ಖಾನೆಗೆ ಬೆಂಕಿ ಬಿತ್ತು. ಗೋಡೆ ಬಿಟ್ಟು ಏನೂ ಉಳಿಯಲಿಲ್ಲ. ವಸಂತ ಬರುವಷ್ಟರಲ್ಲಿ ಮತ್ತೆ ಕಟ್ಟುತ್ತೇವೆ ಎಂದು ಯಜಮಾನರು ಹೇಳಿದರು. ಅಲ್ಲಿಯವರೆಗೆ ಹೊಟ್ಟೆಗೇನು? ಟಿಲ್ಲಿ ಬೇರೆ ಬಸುರಿ, ಈಸ್ಟರ್ ಹೊತ್ತಿಗೆ ಹೆರಿಗೆ. ಸೆವೆರಿನ್ ಯಾರನ್ನೂ ಕೇಳದೆ ಮೂರನೇ ಗಣಿಗೆ ಹೋಗಿ ಹೆಸರು ಬರೆಸಿ ಬಂದ. ಅವನನ್ನು ಯಾರ ಜೊತೆ ಜೋಡಿ ಹಾಕಿದರು ಗೊತ್ತೇ? ಮಾವ ವೆಂಡೆಲ್ ಜೊತೆಗೇ, ಅಂದರೆ ಲೋನಿಯ ಗಂಡನ ಜೊತೆಗೇ.

ಟಿಲ್ಲಿ ತವರಿಗೆ ಬಂದು ತಾಯಿಯ ಎದುರು ನಿಂತಳು. ಅಳಲಿಲ್ಲ. ಅತ್ತಿದ್ದರೆ ಲೋನಿಗೆ ಸುಲಭವಾಗುತ್ತಿತ್ತು. “ನೀನೇ ನೋಡಿ ಕೊಟ್ಟಿದ್ದು ಅಮ್ಮ. ನೀನೇ ಕಾಪಾಡ್ಕೊಡು, ವಸಂತದವರೆಗೆ,” ಎಂದಳು. ಲೋನಿ ಮಗಳ ತಲೆ ಮುಟ್ಟಿ ಮಾತು ಕೊಟ್ಟಳು. ನೆಲದಡಿ ಆರುನೂರು ಅಡಿ ಆಳದಲ್ಲಿರುವವನನ್ನು ಅಡುಗೆಮನೆಯಲ್ಲಿ ಕೂತು ಕಾಪಾಡುವುದು ಹೇಗೆ ಎಂದು ಇಬ್ಬರೂ ಯೋಚಿಸಲಿಲ್ಲ.

ಲೋನಿಗೆ ಗೊತ್ತಿದ್ದ ಒಂದು ಗುಟ್ಟು ಮಗಳಿಗೂ ಗೊತ್ತಿರಲಿಲ್ಲ. ವೆಂಡೆಲ್‌ಗೆ ಕಿವಿ ಕೇಳುತ್ತಿರಲಿಲ್ಲ. ಮೂವತ್ತೈದು ವರ್ಷ ಮದ್ದು ಸಿಡಿಸಿದವರಿಗೆ ಕಿವಿ ಮಂದವಾಗುವುದು ಇದ್ದದ್ದೇ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಮಂದವಲ್ಲ. ಹಿಂದಿನ ಚಳಿಗಾಲ ಒಂದು ದಿನ ಅವನು ಬೆನ್ನು ಹಾಕಿ ಕೂತು ಆಲೂಗಡ್ಡೆ ಹೆರೆಯುತ್ತಿದ್ದಾಗ ಲೋನಿ ಬೇಕೆಂದೇ, “ಏನ್ರೀ, ಮನೆಗೆ ಬೆಂಕಿ ಬಿದ್ದಿದೆ,” ಎಂದಳು. ಅವನು ಸಿಪ್ಪೆ ತೆಗೆಯುತ್ತಲೇ ಇದ್ದ. ಇನ್ನೂ ಗಟ್ಟಿಯಾಗಿ ಹೇಳಿದಳು. ಇನ್ನೊಂದು ಆಲೂಗಡ್ಡೆ ಎತ್ತಿಕೊಂಡ. ತುಟಿ ನೋಡಿ ಮಾತು ತಿಳಿಯುವುದನ್ನು ಯಾವಾಗಲೋ ಕಲಿತುಬಿಟ್ಟಿದ್ದ ಮಹರಾಯ. ಯಾರು ಏನೆಂದರೂ ತಲೆಯಾಡಿಸುತ್ತಿದ್ದ. ವಯಸ್ಸಾದ ಮೇಲೆ ಷೋರ್‌ಗೆ ತೂಕ ಬಂತು, ಎದುರು ಮಾತಾಡುವುದೇ ಇಲ್ಲ ಎಂದು ಬಿಯರ್ ಅಂಗಡಿಯಲ್ಲಿ ಹೊಗಳುತ್ತಿದ್ದರು. ಅವನ ದನಿ ಮಾತ್ರ ಏರುತ್ತಾ ಹೋಗಿತ್ತು. ಗುಟ್ಟು ಹೇಳಲು ಹೋದರೂ ಬೀದಿಗೆ ಕೇಳುತ್ತಿತ್ತು. ಮೇಸ್ತ್ರಿಗೆ ತಿಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆಗೆ ಕಂಪನಿಯ ಮನೆಯೂ ಹೋಗುತ್ತದೆ. ಅದಕ್ಕೇ ಲೋನಿ ಬಾಯಿ ಬಿಟ್ಟಿರಲಿಲ್ಲ.

ಅಳಿಯ ಕೆಲಸಕ್ಕೆ ಹೊರಟ ಮೊದಲ ಬೆಳಗ್ಗೆ ಆಕೆ ಬಾಯಿ ಬಿಟ್ಟಳು. ವೆಂಡೆಲ್ ಹೊರಗೆ ಬೂಟು ಕಟ್ಟಿಕೊಳ್ಳುತ್ತಿದ್ದ. ಸೆವೆರಿನ್ ಕೈಗೆ ಊಟದ ಡಬ್ಬಿ ಕೊಡುತ್ತಾ ಅವನ ತೋಳು ಹಿಡಿದುಕೊಂಡಳು.

“ನಿನ್ನ ಮಾವನಿಗೆ ಏನೂ ಕೇಳ್ಸಲ್ಲ ಕಣೋ. ಪೂರ್ತಿ ಹೋಗಿದೆ. ಟಿಲ್ಲಿಗೆ ಹೇಳ್ಬೇಡ, ಬಸುರಿ, ಹೆದರ್ಕೋತಾಳೆ.”

“ಮತ್ತೆ ನಾನೇನ್ ಮಾಡ್ಲಿ ಅತ್ತೆ?”

“ಅವರ ಕಿವಿ ನೀನಾಗು. ಕಂಬ ಕೂಗೋವರೆಗೂ ಭಯ ಇಲ್ಲ. ಕೂಗ್ತು ಅಂದ್ರೆ ಎಲ್ಲಾ ಬಿಟ್ಟು ಓಡು, ಅವರನ್ನೂ ಎಳ್ಕೊಂಡು ಓಡು. ಮರ ಮೋಸ ಮಾಡಲ್ಲ.”

ಸೆವೆರಿನ್ ತನ್ನ ಕಿವಿ ಮುಟ್ಟಿಕೊಂಡು ನಕ್ಕ. ಪೀಪಾಯಿ ಸೋರುತ್ತದೋ ಇಲ್ಲವೋ ಎಂದು ತಟ್ಟಿ ಕೇಳಿಯೇ ಹೇಳುತ್ತಿದ್ದವನು, ಅವನ ಕಿವಿಗೇನು ಕಡಿಮೆ?

ಲೋನಿ ಇದನ್ನು ತನ್ನ ತಲೆಯಿಂದ ಹುಟ್ಟಿಸಿ ಹೇಳಿದ್ದಲ್ಲ. ಮದುವೆಯಾದಂದಿನಿಂದ ಭಾನುವಾರದ ಕಾಫಿಗೆ ಕೂತಾಗಲೆಲ್ಲ ಕೇಳಿದ ಮಾತು. ಸಾರ್ ಸೀಮೆಯ ಗಣಿಯಲ್ಲಿ ಮೇಲಿನ ಬಂಡೆಗೆ ಪೈನ್ ಮರದ ಕಂಬ ಆನಿಸುತ್ತಾರೆ. ಬಂಡೆಯ ಭಾರ ಇಳಿದಾಗ ಪೈನ್ ತಕ್ಷಣ ಮುರಿಯುವುದಿಲ್ಲ. ಮೊದಲು ಲಟಲಟ ಎನ್ನುತ್ತದೆ, ಆಮೇಲೆ ಕಿರುಗುಟ್ಟುತ್ತದೆ, ಎಷ್ಟೋ ಹೊತ್ತು ಕೂಗಿ ಆಮೇಲೆ ಮುರಿಯುತ್ತದೆ. ಅಷ್ಟರಲ್ಲಿ ಗಂಡಸು ಪಿಕಾಸಿ ಎತ್ತಿಕೊಂಡು, ಬೇಕಾದರೆ ಕೋಟು ಹಾಕಿಕೊಂಡು ಹೊರಗೆ ಬರಬಹುದು. ಹೀಗೆ ತಾನು ನಾಲ್ಕು ಸಲ ಬದುಕಿ ಬಂದೆ ಎಂದು ವೆಂಡೆಲ್ ಬೆರಳು ಎತ್ತಿ ಎಣಿಸುತ್ತಿದ್ದ. ಆ ಕತೆ ಲೋನಿಗೆ ಬಾಯಿಪಾಠ.

ಅವನು ಹೇಳದೆ ಬಿಟ್ಟದ್ದು ಬೇರೆ ಇತ್ತು. ಆ ಸೆಪ್ಟೆಂಬರ್‌ನಿಂದ ಮೂರನೇ ಗಣಿಗೆ ಉತ್ತರದಿಂದ ಪೈನ್ ಬರುವುದು ನಿಂತು, ಹಳ್ಳದ ಪಕ್ಕದ ಓಕ್ ಮರ ಕಡಿದು ಇಳಿಸುತ್ತಿದ್ದರು. ಓಕ್ ಗಟ್ಟಿ ಮರ, ಯಾರು ಇಲ್ಲ ಎಂದರು? ಆದರೆ ಅದು ಭಾರ ಹೊತ್ತು ಕಲ್ಲಿನ ಹಾಗೆ ನಿಂತಿರುತ್ತದೆ, ಕೊನೆಯವರೆಗೂ ತುಟಿ ಬಿಚ್ಚುವುದಿಲ್ಲ, ಮುರಿಯುವಾಗ ಒಮ್ಮೆಲೇ ಮುರಿಯುತ್ತದೆ. ನಮ್ಮ ಗಂಡಸರು ಕೆಳಗೆ ಆ ಮರಕ್ಕೆ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು, ಯಾಕೆಂದು ಹೊಸಬನಿಗೆ ಬಿಡಿಸಿ ಹೇಳಿದವರಿಲ್ಲ. ಮನೆಯಲ್ಲಿ ಒಬ್ಬನೂ ಉಸಿರೆತ್ತಲಿಲ್ಲ. ಹಳೆ ದೇಶದ ಗಣಿಯ ಕತೆ ಎಷ್ಟು ಬೇಕಾದರೂ ಹೇಳಬಹುದು. ಇಂದಿನ ಗಣಿಯ ಭಯ ಮಾತ್ರ ಸ್ನಾನದ ತೊಟ್ಟಿ ದಾಟಿ ಒಳಗೆ ಬರಬಾರದು, ಹೆಂಗಸರ ಕಿವಿಗೆ ಬೀಳಬಾರದು. ಇದು ನಮ್ಮವರ ಕಟ್ಟಳೆ. ದೊಡ್ಡ ಗಂಡಸುತನ! ಬೆಂಕಿ ಹಾಕಬೇಕು ಅಂಥ ಕಟ್ಟಳೆಗೆ.

ನಾಲ್ಕು ತಿಂಗಳು ಏನೂ ಆಗಲಿಲ್ಲ. ಕ್ರಿಸ್ಮಸ್ ಕಳೆಯಿತು. ಸೆವೆರಿನ್‌ನ ಉಗುರೂ ಕರ್ರಗಾಯಿತು. ಪ್ರತಿ ಸಂಜೆ ಟಿಲ್ಲಿ ಬ್ರಷ್ ಹಿಡಿದು ಉಜ್ಜುತ್ತಿದ್ದಳು, ವಸಂತಕ್ಕೆ ಮೊದಲಿನ ಹಾಗೆ ಆಗಬೇಕು ಎಂದು.

ಜನವರಿಯ ಒಂದು ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಗಣಿಯ ಸೀಟಿ ಕೂಗಿತು. ಹತ್ತು ಗಂಟೆಗೆ ಅದು ಕೂಗುವ ಹೊತ್ತಲ್ಲ. ಬೀದಿಯ ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಹಾಗೆಯೇ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತರು. ಟಾರ್ಪಾಲು ಹೊದಿಸಿದ ಗಾಡಿ ಕೆಸರಲ್ಲಿ ಮೆಲ್ಲಗೆ ಬಂತು. ಲೋನಿಯ ಬಾಗಿಲು ದಾಟಿತು. ದಾಟಿದಾಗ ಆಕೆಗೆ ಒಂದು ಕ್ಷಣ ನೆಮ್ಮದಿಯಾದದ್ದು ನಿಜ. ಆ ನೆಮ್ಮದಿಯನ್ನು ಆಕೆ ಆಮೇಲೆ ತನಗೆ ತಾನೇ ಕ್ಷಮಿಸಲಿಲ್ಲ. ಗಾಡಿ ನಾಲ್ಕು ಮನೆ ಮುಂದೆ ಹೋಗಿ ಟಿಲ್ಲಿಯ ಬಾಗಿಲಲ್ಲಿ ನಿಂತಿತು.

ಕಂಬ ಮುರಿದು ಬಂಡೆ ಸೆವೆರಿನ್ ಮೇಲೆ ಕುಸಿದಾಗ ವೆಂಡೆಲ್ ಹತ್ತು ಹೆಜ್ಜೆ ಆಚೆಗಿದ್ದನಂತೆ, ಅವನಿಗೆ ಒಂದು ಗೀರೂ ಆಗಿರಲಿಲ್ಲ. ವಿಚಾರಣೆಗೆ ಕೂರಿಸಿದಾಗ, ತುಟಿ ಮುಚ್ಚುವಷ್ಟು ಮೀಸೆ ಬಿಟ್ಟಿದ್ದ ಅಧಿಕಾರಿ ಕೇಳಿದ ಯಾವ ಪ್ರಶ್ನೆಯೂ ಅವನಿಗೆ ತಿಳಿಯಲಿಲ್ಲ. ಗುಟ್ಟು ಅಲ್ಲೇ ಬಯಲಾಯಿತು. ಕೆಲಸ ಹೋಯಿತು. ತಿಂಗಳ ಕೊನೆಗೆ ಮನೆ ಬಿಡಿ ಎಂದರು. ಕಿವುಡ ಮುದುಕನ ಕೈಗೆ ಹುಡುಗನನ್ನು ಕೊಟ್ಟು ಕೊಂದರು ಎಂದು ಊರು ಮಾತಾಡಿತು. ಗಂಡನ ಮನೆ ಖಾಲಿ ಮಾಡಿ ತವರಿಗೆ ಬಂದ ಟಿಲ್ಲಿಯೂ ಅದನ್ನೇ ನಂಬಿದಳು. ಅಪ್ಪನ ಮುಖ ನೋಡುವುದನ್ನು ಬಿಟ್ಟಳು. ಮೇಜಿನ ಮೇಲೆ ತನಗೂ ತಾಯಿಗೂ ತಟ್ಟೆ ಇಡುತ್ತಿದ್ದಳು, ಅಪ್ಪನಿಗೆ ಇಡುತ್ತಿರಲಿಲ್ಲ. ಲೋನಿ ಎದ್ದು ಅವನ ತಟ್ಟೆ ತಂದಿಡುತ್ತಿದ್ದಳು.

ತಟ್ಟೆ ತಂದಿಟ್ಟಳೇ ಹೊರತು, ಮರ ಕೂಗುವವರೆಗೆ ಭಯವಿಲ್ಲ ಎಂದು ತಾನು ಹೇಳಿದ್ದನ್ನು ಹೇಳಲಿಲ್ಲ. ಮುರಿದದ್ದು ಓಕ್ ಕಂಬ, ಒಂದು ಸದ್ದೂ ಮಾಡಲಿಲ್ಲ, ಕಿವಿ ಇದ್ದವನಿಗೂ ಕೇಳುತ್ತಿರಲಿಲ್ಲ ಎಂದು ಹೆಣ ಹೊತ್ತವರ ಮಾತಿನಿಂದ ಆಕೆಗೆ ಗೊತ್ತಾಗಿತ್ತು. ಆದರೆ ಟಿಲ್ಲಿಗೆ ಏಳನೇ ತಿಂಗಳು. ಅಮ್ಮನೂ ಇಲ್ಲ ಎಂದಾದರೆ ಹುಡುಗಿ ಎಲ್ಲಿಗೆ ಹೋಗಬೇಕು? ಹೀಗೆ ತನಗೆ ತಾನೇ ಹೇಳಿಕೊಂಡಳು. ಮಗಳು ತನ್ನನ್ನೂ ಬಿಟ್ಟುಹೋದಾಳೆಂಬ ಹೆದರಿಕೆಗೆ ಗಂಡನನ್ನು ಮುಂದೆ ನೂಕಿದ್ದೇನೆ ಎಂಬುದೂ ಆಕೆಗೆ ಗೊತ್ತಿತ್ತು.

ಮನೆ ಬಿಡಲು ಒಂದು ವಾರ ಇತ್ತು. ಮಧ್ಯಾಹ್ನ ಟಿಲ್ಲಿ ಹಿತ್ತಲಿಗೆ ಬಟ್ಟೆ ಒಣಹಾಕಲು ಹೋಗಿದ್ದಳು. ವೆಂಡೆಲ್ ಒಲೆಯ ಪಕ್ಕ ಕೂತು ತನ್ನ ಬೆರಳ ತುದಿಗಳನ್ನು ನೋಡಿಕೊಳ್ಳುತ್ತಿದ್ದ. ಕಿವಿ ಹೋದ ಮೇಲೆ ಅವನು ಬಂಡೆಯನ್ನು ಬೆರಳಿಂದಲೇ ಓದುತ್ತಿದ್ದನಂತೆ: ಪಿಕಾಸಿಯ ಹಿಡಿಯಿಂದ ತಟ್ಟಿ, ಇನ್ನೊಂದು ಕೈ ಆನಿಸಿ, ಸಡಿಲಾದ ಕಡೆ ನಡುಗುವುದನ್ನು ಹಿಡಿಯುತ್ತಿದ್ದ. ಅವನೇ ಮಾತು ತೆಗೆದ. ಆ ದಿನ ಒಂದು ಮೂಲೆ ಮುಟ್ಟಿ ನೋಡುವುದು ಬಾಕಿ ಇತ್ತು, ಅಲ್ಲಿಗೆ ಹೋಗಬೇಡ ಎಂದು ಸೆವೆರಿನ್‌ಗೆ ಹೇಳಿದೆ ಎಂದ.

“ಅವನು ಕಿವಿ ತೋರ್ಸಿ ನಕ್ಕ ಕಣೇ. ಕಿವುಡ ಅಂತ ಅಣಕಿಸ್ತಾನೆ ಅಂದ್ಕೊಂಡೆ. ಸಿಟ್ಟು ಬಂತು. ಬೆನ್ನು ತಿರುಗಿಸಿ ಕೂತೆ. ಹೋಗಿ ಎಳ್ಕೊಂಡು ಬರ್ಬೋದಾಗಿತ್ತು, ಲೋನಿ. ಬರ್ಲಿಲ್ಲ.”

ಇದು ಲೋನಿಗೆ ತಡೆಯಲಾಗಲಿಲ್ಲ. ಸತ್ತ ಹುಡುಗ ಅಣಕಿಸಿದ ಎಂದು ಈ ಮನುಷ್ಯ ಸಾಯುವವರೆಗೂ ತಿಳಿದುಕೊಂಡಿರಬೇಕೇ? ಆಕೆ ಅವನ ಎದುರು ಮಂಡಿಯೂರಿ, ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ದನಿಯಿಲ್ಲದೆ ತುಟಿಯಲ್ಲೇ ಎಲ್ಲವನ್ನೂ ಹೇಳಿದಳು. ಡಬ್ಬಿ ಕೊಟ್ಟದ್ದು, ಮರ ಕೂಗುತ್ತದೆ ಎಂದದ್ದು, ಸೆವೆರಿನ್ ಕಿವಿ ಮುಟ್ಟಿ ನಕ್ಕದ್ದು. ಅಣಕವಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ ಮಾವ, ನೀವು ಹೆದರಬೇಡಿ ಎಂದು ಅದರ ಅರ್ಥ. ಟಿಲ್ಲಿಗೆ ಹೇಳಬೇಡಿ ಎಂದೂ ಬೇಡಿಕೊಂಡಳು.

ವೆಂಡೆಲ್ ಕೊನೆಯ ಮಾತಿನವರೆಗೂ ಅವಳ ತುಟಿಯನ್ನೇ ನೋಡುತ್ತಿದ್ದ. ಸಿಟ್ಟಾಗಲಿಲ್ಲ. ಅವಳ ಕೈ ತಟ್ಟಿದ. ಆಮೇಲೆ ಮುಂದಕ್ಕೆ ಬಾಗಿ, ಅವಳ ಕಿವಿಗೆ ಬಾಯಿಟ್ಟು, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಹೇಳಿದ. ಕಿಟಕಿಯ ಗಾಜು ನಡುಗಿತು.

“ಓಕ್ ಕೂಗಲ್ಲ ಕಣೇ ಹುಚ್ಚಿ. ನೀನು ಹಾಗೆ ಹೇಳ್ದೇ ಇದ್ದಿದ್ರೆ ಅವನು ನನ್ನ ಮಾತು ಕೇಳ್ತಿದ್ದ. ಆಯ್ತು, ಆಗಿದ್ದಾಯ್ತು. ನಾನು ಟಿಲ್ಲಿಗೆ ಹೇಳಲ್ಲ. ನನ್ನನ್ನೇ ಬಯ್ಕೊಳ್ಳಲಿ, ನನಗೇನು ಕೇಳ್ಸತ್ತಾ? ಹೆರಿಗೆಗೆ ಅವಳಿಗೆ ಅಮ್ಮ ಬೇಕು.”

ಲೋನಿ ಅವನ ಬಾಯಿಗೆ ಕೈ ಅಡ್ಡ ಇಟ್ಟಳು. ಮಾತು ಮುಗಿದಿತ್ತು. ಹಿಂದೆ ಬಾಗಿಲಲ್ಲಿ ಟಿಲ್ಲಿ ಖಾಲಿ ಬುಟ್ಟಿ ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು. ಬುಟ್ಟಿಯನ್ನು ಮೂಲೆಯಲ್ಲಿಟ್ಟಳು, ಕೈ ತೊಳೆದುಕೊಂಡಳು, ಒಲೆಯ ಮುಂದೆ ನಿಂತು ಆಲೂಗಡ್ಡೆ ಕಡುಬು ಬೇಯಿಸಿದಳು. ಲೋನಿ ಎರಡು ಸಲ ಅವಳ ಹೆಸರು ಹಿಡಿದು ಕರೆದಳು. ಅವಳು ಸೌಟು ಆಡಿಸುತ್ತಲೇ ಇದ್ದಳು.

ಸಂಜೆ ಟಿಲ್ಲಿ ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. ಒಂದು ತನ್ನದು. ಇನ್ನೊಂದನ್ನು ಅಪ್ಪನ ಎದುರಿಗಿಟ್ಟು ಕಡುಬು ಬಡಿಸಿ, ಮೇಲೆ ಬೆಣ್ಣೆ ಹಾಕಿದಳು. ವೆಂಡೆಲ್ ಕಣ್ಣಲ್ಲಿ ನೀರು ಬಂತು. ಮಗಳು ಕ್ಷಮಿಸಿದಳು ಎಂದುಕೊಂಡ ಪಾಪ. ಎರಡು ತುತ್ತು ತಿಂದ ಮೇಲೆ ತಲೆಯೆತ್ತಿ, ಗೋಡೆಗೆ ಒರಗಿ ನಿಂತಿದ್ದ ಹೆಂಡತಿಯನ್ನು ನೋಡಿದ.

“ಯಾಕೆ ನಿಂತಿದೀಯ ಲೋನಿ,” ಎಂದು ಮನೆ ತುಂಬ ಕೇಳುವ ಹಾಗೆ ಕೇಳಿದ, “ನಿನ್ನ ತಟ್ಟೆ ಎಲ್ಲಿ?”