ಕೋನಮಾಪಕ ಹಿಡಿದು

ಪಾಠದ ಯೋಜನೆ ಬರೆಯುವುದೆಂದರೆ ಲೆಕ್ಕದ ಟೀಚರಿಗೆ ಹಲ್ಲುಜ್ಜಿದಷ್ಟೇ ಸಲೀಸು. ಹನ್ನೊಂದು ವರ್ಷ ಬರೆದೂ ಬರೆದೂ ಕೈ ತಾನಾಗಿಯೇ ಓಡುತ್ತಿತ್ತು. ಅಂದು ಬೆಳಿಗ್ಗೆಯೂ ಒಲೆಯ ಮೇಲೆ ಹಾಲಿಟ್ಟು, ಹೋದ ವರ್ಷದ ಪುಸ್ತಕ ಬಿಡಿಸಿಕೊಂಡು, 'ಕಲಿಕೆಯ ಗುರಿ' ಎಂಬಲ್ಲಿ ಕಣ್ಣುಮುಚ್ಚಿ ನಕಲಿಳಿಸಿದಳು: 'ಎಲ್ಲ ವಿದ್ಯಾರ್ಥಿಗಳೂ ಕೋನಮಾಪಕ ಹಿಡಿದು ಕೋನವನ್ನು ಅಳೆಯುವರು.' ಹಾಲು ಉಕ್ಕುವುದರೊಳಗೆ ಕೆಲಸ ಮುಗಿದಿತ್ತು.

ಎಲ್ಲ ಎಂದರೆ ಪುಟ್ಟಜ್ಜಿಯೂ ಸೇರಿದಳಲ್ಲ, ಅದು ತಲೆಗೇ ಬರಲಿಲ್ಲ.

ಪುಟ್ಟಜ್ಜಿಗೆ ಹತ್ತು ವರ್ಷ. ಮಾತು ಮಾತ್ರ ಎಪ್ಪತ್ತರದ್ದು, ಅದಕ್ಕೇ ಮಕ್ಕಳು ಇಟ್ಟ ಹೆಸರು. ಹುಟ್ಟಿನಿಂದ ಅವಳ ಕೈ ನಡುಗುತ್ತಿತ್ತು. ಪೆನ್ಸಿಲ್ ಆಗಲಿ ಚಮಚವಾಗಲಿ ನಿಲ್ಲುತ್ತಿರಲಿಲ್ಲ. ಆ ಶಾಲೆಯಲ್ಲೊಂದು ನಿಯಮವಿತ್ತು: ಮೇಲ್ವಿಚಾರಕಿ ಬಂದು ನೋಡಿದಾಗ ಮೂರು ಸಲ ಗುರಿ ಮುಟ್ಟದ ಮಗು, ಕಾರಿಡಾರಿನ ಕೊನೆಯ ಕೋಣೆಗೆ ಹೋಗಬೇಕು. ಅಲ್ಲಿ ಲೆಕ್ಕವಿಲ್ಲ, ಮಣಿ ಪೋಣಿಸುವುದು. ಕೈ ನಡುಗುವವಳಿಗೆ ಮಣಿ ಪೋಣಿಸುವ ಕೆಲಸ! ಯಾವ ಪುಣ್ಯಾತ್ಮನ ತಲೆಗೆ ಹೊಳೆಯಿತೋ. ಪುಟ್ಟಜ್ಜಿಗೆ ಈಗಾಗಲೇ ಎರಡು ಸಲ ಆಗಿತ್ತು.

ಎರಡನೇ ಪೀರಿಯಡ್ಡಿಗೆ ಮೇಲ್ವಿಚಾರಕಿ ಹೇಳದೆ ಕೇಳದೆ ಒಳಗೆ ಬಂದಳು. ಟೀಚರ್ ಪುಟ್ಟಜ್ಜಿಯತ್ತ ನೋಡಿದಳು. ಮೇಲ್ವಿಚಾರಕಿ ಯೋಜನೆಯ ಪುಸ್ತಕ ಇಸಕೊಂಡು, ಮಕ್ಕಳಿಗೆಲ್ಲ ಒಂದೇ ಕೋನ ಬರೆದ ಒಂದೊಂದು ಚೀಟಿ ಹಂಚಿ, ಹಿಂದಿನ ಬೆಂಚಿನಲ್ಲಿ ಕೂತಳು.

ಪುಟ್ಟಜ್ಜಿ ಕೋನಮಾಪಕವನ್ನು ಪಕ್ಕದ ಹುಡುಗಿಯತ್ತ ಮೊಣಕೈಯಲ್ಲಿ ತಳ್ಳಿದಳು.

"ನೀನೇ ಇಡು. ಅಲ್ಲಲ್ಲ, ನಡುವಿನ ಚುಕ್ಕೆ ಮೂಲೆ ಮೇಲೆ ಬರ್ಬೇಕು. ಹಾಂ. ಎಷ್ಟಿದೆ?"

"ಅರವತ್ತೈದು."

"ನಿನ್ ತಲೆ! ಇಷ್ಟಗಲ ಬಾಯಿ ತೆರ್ಕೊಂಡು ಕೂತಿದೆ, ಅರವತ್ತೈದಂತೆ. ಒಳಗಿನ ಸಾಲು ಓದ್ತಿದೀಯ, ಹೊರಗಿಂದು ಓದು. ನೂರಾ ಹದಿನೈದು."

ಸರಿಯಾಗಿತ್ತು. ಅರ್ಧ ತರಗತಿ ಅರವತ್ತೈದೆಂದೇ ಬರೆದಿತ್ತು. ಟೀಚರಿಗೆ ಹೆಮ್ಮೆಯಾಯಿತು, ಬದುಕಿದೆ ಎನಿಸಿತು.

ಗಂಟೆ ಹೊಡೆದ ಮೇಲೆ ಮೇಲ್ವಿಚಾರಕಿ ಟೀಚರನ್ನು ಬಾಗಿಲಾಚೆ ಕರೆದಳು.

"ಹುಡುಗಿ ಚುರುಕು, ಒಪ್ಕೋತೀನಿ. ಆದ್ರೆ ಕೋನಮಾಪಕ ಹಿಡೀಲಿಲ್ವಲ್ಲ."

"ಕೋನ ಅಳೆದ್ಲಲ್ಲ ಮೇಡಂ. ಹಿಡಿಯೋದು ಯಾರಾದ್ರೇನು?"

"ಹಿಡಿದು ಅಂತ ನೀವೇ ಬರ್ದಿದೀರಿ. ಅಳೆಯುವರು ಅಂತಷ್ಟೇ ಬರ್ದಿದ್ರೆ ನನ್ನ ತಕರಾರೇ ಇರ್ತಿರ್ಲಿಲ್ಲ."

"ಪುಸ್ತಕ ಕೊಡಿ, ಹೊಡೆದು ಹಾಕ್ತೀನಿ."

"ಪಾಠ ಮುಗಿದ್ಮೇಲೆ ಗುರಿ ತಿದ್ದೋ ಹಾಗಿಲ್ಲ."

"ಹಂಗಾದ್ರೆ ತಪ್ಪು ನಂದು. ಈ ಮೂರನೇ ಸಲದ್ದನ್ನ ನನ್ನ ಹೆಸರಿಗೇ ಹಾಕಿ."

ಮೇಲ್ವಿಚಾರಕಿ ಗುರಿ ಮುಟ್ಟದವರನ್ನು ಗುರುತಿಸುವ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದಳು. ಕೆಟ್ಟವಳೇನಲ್ಲ, ನಿಜವಾಗಿಯೂ ಹುಡುಕಿದಳು. "ಇದ್ರಲ್ಲಿ ಮಕ್ಕಳ ಹೆಸರಿಗೆ ಮಾತ್ರ ಜಾಗ ಇದೆ," ಎಂದಳು.

ಮಧ್ಯಾಹ್ನ ಟೀಚರ್ ತಾನೇ ಪುಟ್ಟಜ್ಜಿಯ ಚೀಲ ಹಿಡಿದು ಕಾರಿಡಾರಿನ ಕೊನೆಯವರೆಗೆ ನಡೆದಳು. ಮಾತಾಡಿದ್ದು ಹುಡುಗಿಯೇ.

"ನನ್ನ ಉತ್ತರ ತಪ್ಪಾಗಿತ್ತಾ ಟೀಚರ್?"

"ಇಲ್ಲ ಪುಟ್ಟ. ಸರಿಯಾಗೇ ಇತ್ತು."

"ಮತ್ತೆ? ಹಿಡೀಲೇಬೇಕು ಅಂತ ಬರ್ದೋರು ಯಾರು?"

"ನಾನೇ."

ಪುಟ್ಟಜ್ಜಿ ನಿಂತಳು. "ನನ್ನನ್ನೊಂದು ಮಾತು ಕೇಳ್ಬಾರ್ದಾಗಿತ್ತಾ?" ಎಂದು ಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಟೀಚರ್ ತರಗತಿಗೆ ಮರಳಿ ಕೂತು ಮರುದಿನದ ಪುಟ ತೆರೆದಳು. ಪಾಠ, ವೃತ್ತ. ಈ ಸಲ ಇಡೀ ಪೀರಿಯಡ್ಡು ಹಿಡಿಯಿತು. 'ಎಲ್ಲ ವಿದ್ಯಾರ್ಥಿಗಳೂ, ತಾವೇ ಬರೆದೋ, ಜೊತೆಯವರಿಂದ ಬರೆಸಿಯೋ, ಬಾಯಲ್ಲಿ ವಿವರಿಸಿಯೋ, ವೃತ್ತ ಮೂಡುವ ಬಗೆಯನ್ನು ತೋರಿಸುವರು.' ಒಳ್ಳೆಯ ಗುರಿ. ಓದಿ, ತಲೆಯೆತ್ತಿ ಮಕ್ಕಳತ್ತ ನೋಡಿದಳು. ಕೈವಾರ ಹಿಡಿಯಲಾರದವರು ಅಲ್ಲಿ ಒಬ್ಬರೂ ಉಳಿದಿರಲಿಲ್ಲ.