ಲಗ್ನಪತ್ರಿಕೆಯ ಮೇಲೆ ಬಿದ್ದ ಶಾಯಿ

ದೊಡವಾಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಅನ್ನಪೂರ್ಣಾಳಿಗೆ ಶಾಯಿಯ ವಿಷಯದಲ್ಲಿ ಒಂದು ಹಟವಿತ್ತು. ಹೊಸ ಶಾಯಿ ಯಾವುದೇ ಬರಲಿ, ಮೊದಲು ಅದನ್ನೊಂದು ಬೇಡವಾದ ಪೆನ್ನಿಗೆ ತುಂಬಿ, ಬಿಸಿಲಿನಲ್ಲಿ ಬಸ್ಸು ಹತ್ತಿ ಇಳಿದು, ಸಾಲಿಯ ಅಗ್ಗದ ಹಾಳೆಯ ಮೇಲೆ ಬರೆದು, ಕೆಲವು ದಿನ ಮುಚ್ಚಿಟ್ಟು ಮತ್ತೆ ತೆರೆದು ನೋಡುವಳು. ಅಷ್ಟೂ ಆದಮೇಲೆ ಮನಸ್ಸಿಗೆ ಬಂದರೆ ಮಾತ್ರ ಅದು ಅವಳ ಕರಿ ಪೆನ್ನಿನ ಹೊಟ್ಟೆಗೆ ಇಳಿಯಬೇಕು.

ಆ ಪೆನ್ನನ್ನು ಅವಳು ತನ್ನ ಮೊದಲ ಪಗಾರದಲ್ಲಿ ಕೊಂಡಿದ್ದಳು. ಡ್ರಾಪರಿನಿಂದ ನೇರವಾಗಿ ಒಳಗೇ ಶಾಯಿ ಬಿಡುವ ಹಳೆಯ ಜಾತಿಯದು. ಅಂಥ ಪೆನ್ನಿಗೆ ಸಿಕ್ಕ ಸಿಕ್ಕ ಶಾಯಿ ಒಗ್ಗುವುದಿಲ್ಲ. ಕೆಲವು ನೀರಿಗಿಂತ ಜೋರಾಗಿ ಓಡುತ್ತವೆ. ಅಂಗೈಯ ಕಾವು ತಾಗಿದರೆ ಸಾಕು, ನಿಬ್ಬಿನ ಬುಡದಿಂದ ಜಿನುಗಿ ಬೆರಳು ಕೆಡಿಸುತ್ತವೆ. ಅರ್ಧ ತುಂಬಿಸಿದರಂತೂ ಒಳಗಿನ ಗಾಳಿ ಕಾದು ಶಾಯಿಯನ್ನು ಹೊರಗೆ ದಬ್ಬುತ್ತದೆ. ಕೆಲವು ನಿಬ್ಬಿನಲ್ಲೇ ಒಣಗಿ ಕೂಡುತ್ತವೆ. ಶಾಯಿಗೂ ನಡತೆ ಅಂತ ಒಂದಿರುತ್ತದೆ ಎಂದು ಅವಳು ಜೊತೆಯ ಮಾಸ್ತರರಿಗೆ ಹೇಳುತ್ತಿದ್ದಳು. ಎಷ್ಟೋ ಶಾಯಿ ನೋಡಿ ಕೊನೆಗೆ ಅವಳು ಒಪ್ಪಿಕೊಂಡದ್ದು ಒಂದು ಸಾದಾ ನೀಲಿಯನ್ನು. ನೋಡಿದವರು ಯಾರೂ ಅದನ್ನು ಹೊಗಳುತ್ತಿರಲಿಲ್ಲ, ಆದರೆ ಇಷ್ಟು ವರ್ಷದಲ್ಲಿ ಅದು ಒಮ್ಮೆಯೂ ಅವಳ ಮಾನ ಕಳೆದಿರಲಿಲ್ಲ.

ಬೈಲಹೊಂಗಲದಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಅವಳ ತಮ್ಮ ಮಾಂತೇಶ ಇದನ್ನು ನೋಡಿ ನಗುತ್ತಿದ್ದ. ಹುಡುಗಿಗೆ ವರ ನೋಡಿದಂಗ ಶಾಯಿ ನೋಡ್ತಾಳ ನಮ್ಮಕ್ಕ ಅನ್ನುತ್ತಿದ್ದ.

ಅವನ ಮಗಳು ಶೈಲಶ್ರೀಗೆ ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ವರ ಗೊತ್ತಾದಾಗ ಲಗ್ನಪತ್ರಿಕೆ ಬರೆಯುವ ಮಾತು ಬಂತು. ಹುಡುಗ ಗೌತಮ ರಾಮದುರ್ಗದ ಕಾಲೇಜಿನಲ್ಲಿ ಲೆಕ್ಚರರ್. ಅವರ ಮನೆತನದಲ್ಲಿ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಎರಡೂ ಕಡೆಯವರ ಎದುರು ಕೈಯಿಂದ ಬರೆದು ಓದಬೇಕು. ಅನ್ನಪೂರ್ಣಾ ಅತ್ತಿಯ ಅಕ್ಷರ ಇರುವಾಗ ಬೇರೆಯವರು ಯಾಕೆ ಎಂದು ಶೈಲಶ್ರೀ ಪಟ್ಟು ಹಿಡಿದಳು. ಅನ್ನಪೂರ್ಣಾ ಒಲ್ಲೆ ಎಂದಿದ್ದಳು. ಗಂಡ ತೀರಿದ ಮೇಲೆ ಶುಭಕಾರ್ಯಗಳಲ್ಲಿ ಅವಳು ಅಡಿಗೆಮನೆಯ ಬಾಗಿಲ ಹತ್ತಿರದ ಜಾಗ ನೋಡಿಕೊಂಡಿದ್ದಳು. ಮಾತಿಗೊಮ್ಮೆ ಶರಣರ ಹೆಸರು ಹೇಳುವ ಮನೆಗಳೇ ಅವಳಿಗೆ ಆ ಜಾಗ ತೋರಿಸಿದ್ದವು. ಆದರೂ ಹುಡುಗಿ ಬಿಡಲಿಲ್ಲ.

ನಿಶ್ಚಯದ ಹಿಂದಿನ ದಿನ ಅವಳು ಪೆನ್ನು ತೊಳೆದು, ನೀಲಿ ಶಾಯಿ ಕಂಠದ ತನಕ ತುಂಬಿ, ಬೈಲಹೊಂಗಲಕ್ಕೆ ಬಂದು ತಮ್ಮನ ಮನೆಯಲ್ಲಿ ಉಳಿದಳು. ಬೆಳಿಗ್ಗೆ ಶೈಲಶ್ರೀಯನ್ನೂ ಕರೆದುಕೊಂಡು ಎರಡು ಗಾಡಿ ಸಾಲಹಳ್ಳಿಗೆ ಹೊರಟವು. ಮುನವಳ್ಳಿ ದಾಟುವ ಹೊತ್ತಿಗೇ ಬಿಸಿಲು ಗಾಜಿನ ಮೇಲೆ ಕುಂತಿತ್ತು. ಗಾಡಿಯಲ್ಲಿ ಎಲ್ಲರೂ ನಗುತ್ತ ಮಾತಾಡುತ್ತಿದ್ದರು. ಮಾಂತೇಶ ಮಾತ್ರ ನಡುನಡುವೆ ಅಕ್ಕನ ಕಡೆ ತಿರುಗಿ, ಇವತ್ತು ನಿನ್ನ ಅಕ್ಷರ ನೋಡಿ ಬೀಗರು ಬೆರಗಾಗಬೇಕು ಎಂದು ಹೇಳಿ ಒಳಗೊಳಗೇ ಖುಷಿಪಡುತ್ತಿದ್ದ. ಯಾಕೆ ಇಷ್ಟು ಖುಷಿ ಎಂದು ಅವಳಿಗೆ ತಿಳಿಯಲಿಲ್ಲ.

ಸಾಲಹಳ್ಳಿಯ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹುಡುಗನ ಅಜ್ಜ ಮಲಕಾಜಪ್ಪ ಗೋಡೆಗೆ ಒರಗಿ ಕುಂತಿದ್ದ, ಪಕ್ಕದಲ್ಲಿ ಗೌತಮ. ಆ ಮನೆಯಲ್ಲಿ ಮಾತು ಹೆಚ್ಚು ನಡೆಯುವುದು ಹುಡುಗನ ಸೋದರತ್ತೆ ತಂಗೆವ್ವನದು. ಬರೆಯುವವಳು ಯಾರು ಎಂದು ಗೊತ್ತಾದಾಗ ತಂಗೆವ್ವ ಪಕ್ಕದವಳ ಕಿವಿಯಲ್ಲಿ ಏನೋ ಅಂದದ್ದನ್ನು ಅನ್ನಪೂರ್ಣಾ ನೋಡಿದಳು. ನೋಡದವಳ ಹಾಗೆ ಮಣೆಯ ಮುಂದೆ ಕುಂತಳು. ಲಗ್ನ ಮಾಡಿಸುವ ಅಯ್ಯನವರು ಮುಹೂರ್ತ ಹೇಳತೊಡಗಿದರು. ಅವಳು ಪೆನ್ನಿನ ಟೋಪಿ ತೆಗೆದು ಹಾಳೆಗೆ ನಿಬ್ಬು ತಾಗಿಸಿದಳು.

ಗೆರೆ ಕೆಂಪಾಗಿ ಬಂತು. ಬರೀ ಕೆಂಪಲ್ಲ, ಬಂಗಾರದ ಪುಡಿ ಉದುರಿಸಿದಂತೆ ಮಿನುಗುವ ಕೆಂಪು.

ಅವಳು ತಲೆಯೆತ್ತಿ ತಮ್ಮನನ್ನು ನೋಡಿದಳು. ಅವನು ಮುಖ ತುಂಬ ನಗುತ್ತ, ಬರಿ ಬರಿ ಎಂದು ಕಣ್ಣಿನಲ್ಲೇ ಹೇಳಿದ. ಬೆಳಿಗ್ಗೆ ಅವಳು ಜಳಕಕ್ಕೆ ಹೋದಾಗ ಅವಳ ನೀಲಿಯನ್ನು ಚೆಲ್ಲಿ ಇದನ್ನು ತುಂಬಿದ್ದನೆಂದು ಅವಳಿಗೆ ಹೇಳಿಸಿಕೊಳ್ಳದೆಯೇ ಗೊತ್ತಾಯಿತು. ಸುತ್ತಲಿನವರು ಆಹಾ, ಎಷ್ಟು ಚೆಂದ ಹೊಳಿತೈತಿ ಎನ್ನುತ್ತಿದ್ದರು. ಅಷ್ಟು ಜನರ ನಡುವೆ ಪೆನ್ನು ಕೆಳಗಿಟ್ಟು ಏಳುವುದು ಹೇಗೆ? ಅವಳು ಬರೆದಳು. ಬರೆಯುತ್ತಿದ್ದಂತೆ ಪೆನ್ನು ಹಗುರ ಅನ್ನಿಸಿತು, ಅವನು ಅರ್ಧವಷ್ಟೇ ತುಂಬಿದ್ದ. ಬೆರಳಿಗೆ ಒದ್ದೆ ತಾಗಿತು. ಸೆರಗಿನ ತುದಿಯಿಂದ ಒರೆಸಿಕೊಂಡು, ಉಸಿರು ಹಿಡಿದು, ವರನ ಹೆಸರು ಬರೆದು ಮುಗಿಸಿದಳು. ವಧುವಿನ ಹೆಸರಿನ ಕೊನೆಯ ಅಕ್ಷರಕ್ಕೆ ಬಂದಾಗ ನಿಬ್ಬಿನ ಬುಡದಿಂದ ಒಂದು ದಪ್ಪ ಹನಿ ಉಬ್ಬಿ ತಟ್ಟನೆ ಕೆಳಗೆ ಬಿತ್ತು. ಅದರ ಹಿಂದೆಯೇ ಇನ್ನೊಂದು. ಶೈಲಶ್ರೀಯ ಹೆಸರು ಕೆಂಪಿನಲ್ಲಿ ಮುಳುಗಿತು.

"ನಾ ಮೊದಲ ಹೇಳಿದ್ದೆ," ಎಂದಳು ತಂಗೆವ್ವ, ಯಾರ ಕಡೆಗೂ ನೋಡದೆ. "ಇಂಥಾ ಕೆಲಸಕ್ಕ ಮುತ್ತೈದಿ ಕೈ ಇರಬೇಕು. ಈಗ ನೋಡ್ರಿ, ಹುಡುಗಿ ಹೆಸರಿನ ಮ್ಯಾಲೇನ ನೆತ್ತರ ಬಿದ್ದಂಗ ಆತು."

ಯಾರೂ ಅಲ್ಲ ಅನ್ನಲಿಲ್ಲ. ಒಬ್ಬರು ಜಮಖಾನೆ ನೋಡಿದರು, ಒಬ್ಬರು ಫ್ಯಾನು ನೋಡಿದರು. ಅನ್ನಪೂರ್ಣಾ ತಮ್ಮನನ್ನು ನೋಡಿದಳು. ಒಂದೇ ಮಾತು ಸಾಕಿತ್ತು. ಶಾಯಿ ನಾನು ತುಂಬಿದ್ದು ಎಂದು ಅವನು ಅಂದಿದ್ದರೆ ಎಲ್ಲರೂ ನಕ್ಕು ಹೊಸ ಹಾಳೆ ತರಿಸುತ್ತಿದ್ದರು. ಮಾಂತೇಶ ಗಂಟಲು ಸರಿಮಾಡಿಕೊಂಡ. ಏನೋ ಆಗಬಾರದ್ದು ಆಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿರಿ, ಬೇರೆ ಹಾಳೆಯ ಮೇಲೆ ಅಯ್ಯನವರೇ ಬರೆಯಲಿ ಎಂದು ಬೀಗರಿಗೆ ಕೈ ಮುಗಿದ. ಅದೇ ಸರಿ, ಅದೇ ಸರಿ ಎಂದು ನಾಲ್ಕು ಕಡೆಯಿಂದ ದನಿ ಬಂತು. ಎಲ್ಲರಿಗೂ ಎಷ್ಟು ಬೇಗ ಸಮಾಧಾನವಾಯಿತು ಎಂಬುದೇ ಅವಳ ಮೈ ಉರಿಸಿತು.

ಅವಳು ಎದ್ದು ಹಿತ್ತಲಿಗೆ ಹೋದಳು. ನೀರಿನ ತೊಟ್ಟಿಯ ಹತ್ತಿರ ನಿಂತು ಕೈ ತಿಕ್ಕಿದಳು. ಕೆಂಪು ಬಿಡಲೊಲ್ಲದು. ಉಗುರಿನ ಸಂದಿಯಲ್ಲಿ ಆ ಬಂಗಾರದ ಪುಡಿ ಕೂತು ಮಿಣಮಿಣ ಎನ್ನುತ್ತಿತ್ತು. ಹಿಂದೆಯೇ ಮಾಂತೇಶ ಬಂದ. ಶಾಯಿಯನ್ನು ಬೆಳಗಾವಿಯಿಂದ ತರಿಸಿದ್ದೆ, ಭಾಳ ತುಟ್ಟಿದು, ಶುಭಕಾರ್ಯಕ್ಕೆ ನಿನ್ನ ಸಾಲಿಯ ನೀಲಿ ಎಲ್ಲಿ ಶೋಭಿಸುತ್ತದೆ ಅನ್ನಿಸಿತು, ಹೀಗಾಗುತ್ತದೆಂದು ಯಾರಿಗೆ ಗೊತ್ತು ಎಂದು ಒಂದೇ ಉಸಿರಿಗೆ ಹೇಳಿದ. ಅವಳು ತಿಕ್ಕುತ್ತಲೇ ಇದ್ದಳು. ಅವನು ದನಿ ತಗ್ಗಿಸಿದ.

"ಅಕ್ಕಾ, ಈಗ ಒಳಗ ಏನೂ ಅನಬ್ಯಾಡ. ನಾ ಶಾಯಿ ತುಂಬೇನಿ ಅಂದ್ರ ಹುಡುಗಿ ಅಪ್ಪನ ಕೈಲೇನ ಅಪಶಕುನ ಆತು ಅಂತಾರ. ನಿನ್ನ ಮ್ಯಾಲೆ ಬಂದ್ರ ಬಂತು ಬಿಡು. ನಿನಗೇನು ಇದು ಹೊಸಾದಲ್ಲ."

ತಿಕ್ಕುತ್ತಿದ್ದ ಕೈ ನಿಂತಿತು. ತಂಗೆವ್ವನ ಮಾತು ಪರರ ಮಾತು. ಅದನ್ನು ಅವಳು ಎಷ್ಟೋ ಮನೆಗಳಲ್ಲಿ ಕೇಳಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಇದು ಅವಳೇ ಎತ್ತಿ ಆಡಿಸಿದ ತಮ್ಮನ ಮಾತು. ಇಷ್ಟು ವರ್ಷ ಅವನು ತನ್ನ ಮರುಕವೆಂದು ತೋರಿಸಿದ್ದೆಲ್ಲ ಹೀಗೆ ಒಂದು ದಿನ ಉಪಯೋಗಕ್ಕೆ ಬರಲೆಂದು ಇಟ್ಟುಕೊಂಡ ಲೆಕ್ಕವೇ ಎನ್ನಿಸಿತು. ಕಣ್ಣೀರು ಬರುತ್ತದೆ ಅಂದುಕೊಂಡಳು. ಬರಲಿಲ್ಲ. ಬಂದದ್ದು ಸಿಟ್ಟು, ಹೊಟ್ಟೆಯ ತಳದಿಂದ ಎದ್ದು ಬೆನ್ನು ನೆಟ್ಟಗೆ ಮಾಡುವಂಥ ಸಿಟ್ಟು.

ಅವನನ್ನು ದಾಟಿ ಅವಳು ಪಡಸಾಲೆಗೆ ಬಂದಳು. ಅಯ್ಯನವರು ಹೊಸ ಹಾಳೆಯ ಮುಂದೆ ಬಾಲ್‌ಪೆನ್ನು ಹಿಡಿದು ಕುಂತಿದ್ದರು. ಅನ್ನಪೂರ್ಣಾ ಒಂದು ಸ್ಟೀಲಿನ ಲೋಟ ಕೇಳಿ ತರಿಸಿ, ಎಲ್ಲರ ಎದುರು ಪೆನ್ನಿನ ತಿರುಪು ಬಿಚ್ಚಿ ಒಳಗಿದ್ದದ್ದನ್ನು ಲೋಟಕ್ಕೆ ಸುರಿದಳು. ದನಿ ಏರಿಸಲಿಲ್ಲ.

"ಈ ಶಾಯಿ ನಂದಲ್ಲ. ನಾ ಇಂಥಾದ್ದು ಈ ಪೆನ್ನಿಗೆ ಎಂದೂ ಹಾಕಾಂಗಿಲ್ಲ, ಯಾಕಂದ್ರ ಇದು ಸೋರತೈತಿ ಅಂತ ನನಗ ಗೊತ್ತೈತಿ. ಗಂಡ ಇದ್ದಾಕಿ ಬರೆದಿದ್ರೂ ಸೋರತಿತ್ತು. ಇದನ್ನ ತುಂಬಿದವರು ಇಲ್ಲೇ ಅದಾರ. ಅವರು ಹೇಳೂತನಕ ನಾ ಕುಂದ್ರಾಂಗಿಲ್ಲ."

ಮಲಕಾಜಪ್ಪ ಗೋಡೆಯಿಂದ ಬೆನ್ನು ಬಿಡಿಸಿಕೊಂಡು ಮುಂದೆ ಬಾಗಿದ. ಬಾಗಿಲಲ್ಲಿ ಬಂದು ನಿಂತಿದ್ದ ಮಾಂತೇಶನ ಮುಖದಲ್ಲಿ ರಕ್ತವಿರಲಿಲ್ಲ. ಆ ಹೊತ್ತಿಗೆ ಒಳಕೋಣೆಯಿಂದ ಶೈಲಶ್ರೀ ಹೊರಗೆ ಬಂದಳು. ಕರೆಯದೆ ಹುಡುಗಿ ಹೊರಗೆ ಬರುವುದು ಆ ಮನೆಯ ರೀತಿಯಲ್ಲ, ಆದರೂ ಬಂದಳು.

"ಅಪ್ಪ ತುಂಬಿದ್ದು," ಎಂದಳು. "ಮುಂಜಾನೆ ನಾ ನೋಡೇನಿ. ಅತ್ತಿ ಮುಂದ ನಾ ಹೇಳಬೇಕಿತ್ತು, ಹೇಳಲಿಲ್ಲ. ಅತ್ತಿ ಬರಿಯೂದಿದ್ರ ಪತ್ರಿಕಿ ಆಗ್ಲಿ. ಇಲ್ಲಂದ್ರ ಇವತ್ತ ಬ್ಯಾಡ."

ತಂಗೆವ್ವ, ಯಾರು ತುಂಬಿದರೇನು, ಬಿದ್ದದ್ದಂತೂ ಖರೆ ಎಂದು ಗೊಣಗಿದಳು. ಗೌತಮ ಅವಳ ಕಡೆ ತಿರುಗಿ, ಕಾಲೇಜಿನಲ್ಲಿ ನನ್ನ ಅಂಗಿಯ ಕಿಸೆಯಲ್ಲಿ ಪೆನ್ನು ಸೋರಿದಾಗ ಯಾರೂ ನನ್ನ ಜಾತಕ ಕೇಳಲಿಲ್ಲ ಎಂದ. ಒಬ್ಬಿಬ್ಬರು ನಕ್ಕರು. ಅನ್ನಪೂರ್ಣಾ ನಗಲಿಲ್ಲ. ಅವಳ ಕಣ್ಣು ತಮ್ಮನ ಮೇಲೆಯೇ ಇತ್ತು. ಮಲಕಾಜಪ್ಪನೂ ಅವನನ್ನೇ ನೋಡುತ್ತಿದ್ದ.

ಹೌದು, ನಾನೇ ತುಂಬಿದ್ದು ಎಂದು ಮಾಂತೇಶ ನೆಲ ನೋಡುತ್ತ ಹೇಳಿದ. ಮುದುಕನಿಗೆ ಕಿವಿ ಮಂದ; ಏನಂದ್ರಿ ಎಂದು ಕೇಳಿದ. ಎರಡನೆಯ ಸಲ ಮಾಂತೇಶ ಎಲ್ಲರಿಗೂ ಕೇಳಿಸುವಂತೆ ಹೇಳಬೇಕಾಯಿತು.

"ತಂಗೆವ್ವ, ಇನ್ನ ಸಾಕು," ಎಂದ ಮಲಕಾಜಪ್ಪ. ಆಮೇಲೆ ಅನ್ನಪೂರ್ಣಾಳ ಕಡೆ ತಿರುಗಿದ. "ಅಕ್ಕೋರ, ನೀವ ಬರೀರಿ."

ಅವಳು ಕೂಡಲೇ ಕುಂದ್ರಲಿಲ್ಲ. ಪೆನ್ನು ತೊಳೆಯಬೇಕು, ಹೊತ್ತು ಹಿಡಿಯುತ್ತದೆ ಎಂದಳು. ತಂಬಿಗೆಯಲ್ಲಿ ನೀರು ತರಿಸಿ ಅಲ್ಲೇ ಪಡಸಾಲೆಯ ಅಂಚಿನಲ್ಲಿ ನಿಂತು ನಿಬ್ಬು ಕಳಚಿ ತೊಳೆದಳು. ನೀರು ಕೆಂಪಾಗಿ ಹೋಯಿತು, ಮತ್ತೆ ಹೊಸ ನೀರು. ಗುಲಾಬಿಯಾಗಿ ಹೋಯಿತು, ಮತ್ತೆ ಹೊಸ ನೀರು. ಒಳಗೆ ಅಡಿಗೆಯಾಗಿ ಹೋಳಿಗೆ ಆರುತ್ತಿತ್ತು. ಅಯ್ಯನವರು ಮುಹೂರ್ತದ ಮಾತೆತ್ತಿ ತಾವೇ ಬಿಟ್ಟರು. ಬೇಗ ಮುಗಿಸಬಹುದಿತ್ತು. ಅವಳು ಮುಗಿಸಲಿಲ್ಲ. ಕಾಯಲಿ ಎಂದೇ ಅವಳು ಒಂದೊಂದು ಸಂದಿಯನ್ನೂ ತೊಳೆದು ಅರಿವೆಯಿಂದ ಒತ್ತಿ ಒಣಗಿಸಿದಳು. ಚೀಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ನೀಲಿಯ ಬಾಟಲಿ ತೆಗೆದು, ಡ್ರಾಪರಿನಿಂದ ಕಂಠದ ತನಕ ತುಂಬಿ, ತಿರುಪು ಬಿಗಿದಳು.

ಆಮೇಲೆ ಕುಂತು ಬರೆದಳು. ಅಕ್ಷರ ಒಂದೊಂದೂ ಗೆರೆ ಹೊಡೆದಂತೆ ನಿಂತವು, ನೀಲಿ ಅಲ್ಲಲ್ಲೇ ಇಂಗಿ ಒಣಗಿತು. ಅವಳೇ ಎದ್ದು ನಿಂತು ಮೊದಲಿನಿಂದ ಕೊನೆಯ ತನಕ ಓದಿದಳು. ಊಟಕ್ಕೆ ಕುಂತಾಗ ತಂಗೆವ್ವ ಅವಳ ಎಲೆಗೆ ತಾನೇ ತುಪ್ಪ ಬಡಿಸಲು ಬಂದಳು. ಅನ್ನಪೂರ್ಣಾ ಕೈ ಅಡ್ಡ ಹಿಡಿದಳು.

ಮರಳಿ ಬರುವಾಗ ಮುನವಳ್ಳಿಯಲ್ಲಿ ಅವಳು ಗಾಡಿ ನಿಲ್ಲಿಸು ಎಂದಳು. ಇಲ್ಲಿಂದ ಬಸ್ಸಿಗೆ ಹೋಗುತ್ತೇನೆ ಎಂದು ಚೀಲ ಹೆಗಲಿಗೆ ಹಾಕಿ ಇಳಿದಳು. ಮಾಂತೇಶನೂ ಇಳಿದು ಬಂದು, ತಪ್ಪಾಯಿತು, ಆ ಶಾಯಿಯ ಬಾಟಲಿಯನ್ನು ಇವತ್ತೇ ಗಟಾರಿಗೆ ಚೆಲ್ಲುತ್ತೇನೆ ಎಂದ.

"ಶಾಯಿ ಮಾತು ಬಿಡೋ," ಎಂದಳು ಅವಳು. "ನಿನಗೇನು ಹೊಸಾದಲ್ಲ ಅಂದಿ ನೋಡು, ಅದನ್ನ ನೀ ಮರೀಬಹುದು. ನಾ ಮರಿಯಾಂಗಿಲ್ಲ."

ಬಸ್‌ಸ್ಟ್ಯಾಂಡಿನ ಧೂಳಿನಲ್ಲಿ ಅವನನ್ನು ನಿಂತಲ್ಲೇ ಬಿಟ್ಟು ಅವಳು ನಡೆದಳು.

ಮದುವೆ ಬೈಲಹೊಂಗಲದಲ್ಲಿ ಆಯಿತು. ಅನ್ನಪೂರ್ಣಾ ಬಂದಳು, ಹುಡುಗಿಗಾಗಿ. ಶೈಲಶ್ರೀ ಅವಳ ಕೈ ಹಿಡಿದುಕೊಂಡೇ ಮಂಟಪಕ್ಕೆ ನಡೆದಳು, ಅಕ್ಷತೆ ಬೀಳುವಾಗಲೂ ಅತ್ತಿಯನ್ನು ಪಕ್ಕದಿಂದ ಕದಲಗೊಡಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೂ ಅವಳು ಅಡಿಗೆಮನೆಯ ಬಾಗಿಲಿಗೆ ಹೋಗುತ್ತಿರಲಿಲ್ಲ.

ಮದುವೆಯ ಗದ್ದಲ ಮುಗಿದ ಮೇಲೆ ಒಂದು ರವಿವಾರ ಮಾಂತೇಶ ದೊಡವಾಡಕ್ಕೆ ಬಂದ. ಹೊಸ್ತಿಲ ಹತ್ತಿರ ಚಪ್ಪಲಿ ಬಿಟ್ಟು ನಿಂತ. ಅವಳು ಖುರ್ಚಿ ತೋರಿಸಿದಳು, ಚಹಾ ಕೊಟ್ಟಳು, ಮಾತು ಕೊಡಲಿಲ್ಲ. ಅವನು ಮಗಳ ಸುದ್ದಿ, ಅಂಗಡಿಯ ಸುದ್ದಿ ಹೇಳಿ ಹೇಳಿ ದಣಿದು, ತಾನೇ ಎದ್ದು ಕಪ್ಪು ತೊಳೆದಿಟ್ಟ. ಮುಂದಿನ ವಾರ ಮತ್ತೆ ಬರತೇನಿ ಅಕ್ಕಾ ಎಂದ. ಅವಳು ಮಕ್ಕಳ ಉತ್ತರಪತ್ರಿಕೆಯ ಮೇಲಿಂದ ತಲೆಯೆತ್ತಲಿಲ್ಲ. ಅವನು ಅಂಗಳ ದಾಟಿ ಹೋಗುವುದು ಕಿವಿಗೆ ಬಿತ್ತು. ಹೊಟ್ಟೆಯೊಳಗಿನ ಉರಿ ಇನ್ನೂ ಹಾಗೇ ಇತ್ತು, ಮತ್ತು ಅದನ್ನು ಆರಿಸುವ ಅವಸರ ಅವಳಿಗಿರಲಿಲ್ಲ.