ಅಕ್ಕನ ಮಾತಿಗೆ ಬಿದ್ದ ಬೀಗ

ತಿರುಗುತ್ತಿದೆ, ಇನ್ನೂ ತಿರುಗುತ್ತಿದೆ, ಪರದೆಯ ನಡುವೆ ಆ ನೀಲಿ ಬಳೆ, ಒಡೆದು ಕೂಡಿಕೊಂಡು ಮತ್ತೆ ಒಡೆಯುವ ಬಳೆ, ಅದರ ಕೆಳಗೆ ಪರಿಶೀಲಿಸಲಾಗುತ್ತಿದೆ ದಯವಿಟ್ಟು ಕಾಯಿರಿ ಎಂಬ ಸಾಲು, ಏನು ಪರಿಶೀಲಿಸುತ್ತೀಯೋ ಪುಣ್ಯಾತ್ಮ, ಇವಳು ನಮ್ಮಕ್ಕ, ಇವು ಅವಳ ಕಣ್ಣು, ಎರಡು ವರ್ಷ ಇದೇ ಕಣ್ಣು ಯಾವ ಅಕ್ಷರದ ಮೇಲೆ ನಿಂತಿತೆಂದು ನೋಡಿಕೊಂಡು ಅವಳ ಮಾತು ಆಡಿದ್ದೀಯ, ಇವತ್ತು ಗುರುತಿಲ್ಲವೇ ನಿನಗೆ — ಒಂಬತ್ತೂ ಇಪ್ಪತ್ತು, ಡಾಕ್ಟರು ಹತ್ತಕ್ಕೆ ಬರುತ್ತಾರೆ, ಬಂದು ಗಂಟಲಿಗೆ ತೂತು ಮಾಡಿ ಉಸಿರಿನ ಯಂತ್ರ ಹಾಕಬೇಕೋ ಬೇಡವೋ ಎಂದು ಕೇಳುತ್ತಾರೆ, ಅದಕ್ಕೆ ಅಕ್ಕ ಉತ್ತರ ಬರೆದಿಟ್ಟಿದ್ದಾಳೆ, ನಿನ್ನೆ ಮಧ್ಯಾಹ್ನ ನಾಲ್ಕು ಗಂಟೆ ಕಾಲ ಕೂತು ಒಂದೊಂದೇ ಅಕ್ಷರವನ್ನು ದಿಟ್ಟಿಸಿ ದಿಟ್ಟಿಸಿ ಬರೆದದ್ದು, ಆ ಉತ್ತರ ಈ ಬಳೆಯ ಹಿಂದೆ ಇದೆ, ಕೈಗೆ ಬಂದ ತುತ್ತು ಬಾಯಿಗಿಲ್ಲ. ಭಾವ ಬಾಗಿಲಲ್ಲಿ ನಿಂತಿದ್ದಾರೆ, ಏನಾಯ್ತಪ್ಪ, ಆಗುತ್ತೆ ಭಾವ, ಒಂದು ನಿಮಿಷ. ಅಂದದ್ದೇ ನಾಲಿಗೆ ಕಚ್ಚಿಕೊಂಡೆ, ಯಾಕೆಂದರೆ ಒಂದ್ನಿಮಿಷ ಎನ್ನುವುದೇ ಅಕ್ಕ ನನಗಿಟ್ಟ ಹೆಸರು, ಈ ಮಾತಿನ ಯಂತ್ರದಲ್ಲಿ ಅದಕ್ಕೊಂದು ಗುಂಡಿಯನ್ನೇ ಮಾಡಿಸಿಕೊಂಡಿದ್ದಳು ನನ್ನ ಕೈಯಿಂದಲೇ, ನೋಡಿದ ಕೂಡಲೇ ಕೂಗುತ್ತಿತ್ತು, ಲೋ ಒಂದ್ನಿಮಿಷ, ಬಾರೋ ಇಲ್ಲಿ, ಕೈ ಕಾಲು ನಾಲಿಗೆ ಎಲ್ಲ ಹೋದರೂ ಬೈಗುಳ ಹೋಗಿರಲಿಲ್ಲ ಅವಳದು, ಮೂವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವಳು, ಎರಡು ಸಲ ಅಳತೆ ತಗೋ ಒಂದು ಸಲ ಕತ್ತರಿ ಹಾಕು ಎಂದು ನನಗೆ ಹೇಳಿಕೊಟ್ಟವಳು, ಕೆಲಸ ಕಲಿತದ್ದು ಅವಳಿಂದ, ಕಂಪ್ಯೂಟರು ಆಮೇಲೆ ಬಂತು — ಮತ್ತೆ ನಾನು ಬೆಳಿಗ್ಗೆ ಆರಕ್ಕೆ ಅಳತೆಯನ್ನೇ ತೆಗೆಯದೆ ಕತ್ತರಿ ಹಾಕಿದೆ.

ಹೊಸ ಆವೃತ್ತಿ ಬಂದಿದೆ ಹಾಕಲೇ, ಸರಿ. ಷರತ್ತುಗಳಿಗೆ ಒಪ್ಪುತ್ತೀರಾ, ಸರಿ. ಓದಲಿಲ್ಲ, ಇಪ್ಪತ್ತಾರು ವರ್ಷದ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ಸಲವೂ ಓದಿಲ್ಲ, ಓದುವವರು ಯಾರೂ ಇಲ್ಲವೆಂದು ಗೊತ್ತಿದ್ದೇ ಅಂಥದ್ದನ್ನು ನಾವು ಬರೆಯುತ್ತೇವೆ, ಬೆರಳಿಗೆ ಸರಿ ಒತ್ತುವ ರೋಗ, ಆಫೀಸಿನಲ್ಲಿ ಹೊಸಬರ ಮುಂದೆ ಮಾತ್ರ ಎದೆ ಉಬ್ಬಿಸಿ ಹೇಳುತ್ತೇನೆ, ಬೇರೆ ಕಡೆ ಒಂದು ಪ್ರತಿ ಇಡದೆ ಏನನ್ನೂ ಮುಟ್ಟಬೇಡಿ ಕಣ್ರೋ, ಹೇಳುವುದು ಪುರಾಣ. ಯಂತ್ರ ಮಾಡಿದ ಕಂಪನಿಯನ್ನು ಹೋದ ತಿಂಗಳು ಇನ್ನೊಂದು ಕಂಪನಿ ನುಂಗಿತಂತೆ, ಹಳೆಯ ಖಾತೆಗಳೆಲ್ಲ ಹೊಸ ಮನೆಗೆ ಹೋಗಬೇಕಂತೆ, ಹೋಗುವವರೆಗೆ ಬೀಗ, ಬೀಗದ ಕೈ ಅವರ ಹತ್ತಿರ. ಯಂತ್ರವನ್ನು ಇನ್ನೊಂದು ಕಂಪ್ಯೂಟರಿಗೆ ತಗುಲಿಸಿ ನೋಡಿದೆ, ಫೈಲು ಇದೆ, ನಾಳೆ ಡಾಕ್ಟರಿಗೆ ಎಂದು ಅವಳಿಟ್ಟ ಹೆಸರೂ ಕಾಣುತ್ತದೆ, ತೆರೆದರೆ ಒಳಗೆ ಬರೀ ಕಸ, ಯಾರೋ ಅಕ್ಷರಗಳನ್ನು ಒರಳಿಗೆ ಹಾಕಿ ಕುಟ್ಟಿದ ಹಾಗೆ. ಫೋನು ಹಾಕಿದರೆ ಮೊದಲು ಯಂತ್ರದ ಹೆಂಗಸು, ಬಳಕೆದಾರರು ತಮ್ಮ ಹೆಸರನ್ನು ತಮ್ಮದೇ ಧ್ವನಿಯಲ್ಲಿ ಹೇಳಲಿ, ಆಮೇಲೆ ನಲವತ್ತು ನಿಮಿಷ ಸಂಗೀತ ಕೇಳಿಸಿ ನಿಜವಾದ ಹುಡುಗಿ, ಸಾರ್ ಮೇಡಂ ಅವರಿಗೇ ಫೋನ್ ಕೊಡಿ, ಅವರು ಮಾತಾಡೋಕಾಗಲ್ಲಮ್ಮ, ಅದಕ್ಕೇ ಈ ಯಂತ್ರ ತಗೊಂಡಿದ್ದು, ಅರ್ಥ ಆಗುತ್ತೆ ಸಾರ್, ಆದ್ರೆ ಅವರೇ ಹೇಳಬೇಕು, ಏನಂತ ಹೇಳಬೇಕಮ್ಮ, ಮಾತಾಡೋಕಾಗಲ್ಲ ಅಂತಲಾ, ಸಾರಿ ಸಾರ್ ಎಂದಳು, ದನಿ ನಿಜವಾಗಿಯೂ ಸಣ್ಣಗಾಗಿತ್ತು, ಪಾಪ ಅವಳದೇನು ತಪ್ಪು, ಅವಳ ಮುಂದಿರುವ ಪರದೆಯಲ್ಲೂ ಮುಂದಕ್ಕೆ ಹೋಗುವ ಗುಂಡಿ ಇಲ್ಲ, ಅಂಥ ಗುಂಡಿ ಇಲ್ಲದ ಪರದೆಗಳನ್ನು ನಾನೇ ಎಷ್ಟು ಬರೆದಿಲ್ಲ, ಇಂಥವರು ನೂರಕ್ಕೊಬ್ಬರು ಬಿಡಿ ಎಂದು ಮೀಟಿಂಗಿನಲ್ಲಿ ಎಷ್ಟು ಸಲ ಅಂದಿಲ್ಲ. ನೂರಕ್ಕೊಬ್ಬಳು ಇಲ್ಲಿ ದಿಂಬಿಗೆ ಒರಗಿ ಕೂತಿದ್ದಾಳೆ. ನನ್ನನ್ನು ನೋಡುತ್ತಿಲ್ಲ, ಬಳೆಯನ್ನು ನೋಡುತ್ತಿದ್ದಾಳೆ, ಬಳೆ ಅವಳ ಎರಡೂ ಕಣ್ಣಲ್ಲಿ ಸಣ್ಣದಾಗಿ ಸುತ್ತುತ್ತಿದೆ.

ಕಣ್ಣು ಮಿಟುಕಿಸಿದರೆ ಸಾಕಲ್ಲ, ಒಂದು ಸಲಕ್ಕೆ ಹೌದು, ಎರಡು ಸಲಕ್ಕೆ ಇಲ್ಲ, ಡಾಕ್ಟರು ಹೋದ ವಾರವೇ ಅಂದಿದ್ದರು, ಅದಕ್ಕೆ ಅಕ್ಕ ಯಂತ್ರದಿಂದ ಕೊಟ್ಟ ಉತ್ತರಕ್ಕೆ ಅವರೇ ನಕ್ಕುಬಿಟ್ಟಿದ್ದರು, ಹೌದು ಇಲ್ಲ ಅನ್ನೋಕೆ ನಾನೇನು ಬಲ್ಬಾ ಡಾಕ್ಟ್ರೇ, ಇದು ಒಂದು ಮಾತಲ್ಲಿ ಮುಗಿಯೋದಲ್ಲ, ಬರೆದು ಹೇಳ್ತೀನಿ, ಹೇಳೋ ತನಕ ಯಾರೂ ನನ್ನ ಕಣ್ಣು ಎಣಿಸಬೇಡಿ. ಅಂದವಳು ಅಂದ ಹಾಗೆ ನಡೆಯುವವಳು. ಗಂಟೆ ಹತ್ತಾಯಿತು, ಚಪ್ಪಲಿ ಬಿಡುವ ಸದ್ದು, ಡಾಕ್ಟರು ಬಂದೇ ಬಂದರು, ಏನಮ್ಮ ಬರೆದಿಟ್ಟಿರಾ, ನಾನು ಹೇಳಿದೆ, ಇದೆ ಸಾರ್, ಒಳಗಿದೆ, ತೆರೀತಾ ಇಲ್ಲ, ಅವರು ನನ್ನನ್ನು ನೋಡಿದರು, ನೀವು ಅದೇ ಕೆಲಸದವರಲ್ವಾ, ಹೌದು ಸಾರ್ ಅದೇ ಕೆಲಸದವನು. ಹತ್ತು ನಿಮಿಷ ಕಾದರು. ಆಮೇಲೆ ಅವಳ ಬೆನ್ನಿಗೆ ಸ್ಟೆಥಸ್ಕೋಪ್ ಇಟ್ಟು ಉಸಿರು ಕೇಳಿ, ನೆಟ್ಟಗಾಗಿ, ಭಾವನ ಕಡೆ ತಿರುಗಿ, ನಾಳೆವರೆಗೆ ಬಿಡೋ ಹಾಗಿಲ್ಲ, ಇವತ್ತೇ ಆಸ್ಪತ್ರೆಗೆ ಸೇರಿಸಿ ಉಸಿರಿನ ಯಂತ್ರ ಹಾಕಬೇಕು, ಇಲ್ಲಾಂದ್ರೆ ಬೇಡ ಅಂತ ಬರೆದುಕೊಡಬೇಕು, ಬಾಗಿ ಅಕ್ಕನನ್ನೇ ಕೇಳಿದರು, ಬೇಕಾದ್ರೆ ಒಂದು ಸಲ, ಬೇಡವಾದ್ರೆ ಎರಡು ಸಲ, ಮಿಟುಕಿಸಿ ಅಮ್ಮ. ಅಕ್ಕ ಮಿಟುಕಿಸಲಿಲ್ಲ. ನೀರು ತುಂಬಿ ಕೆನ್ನೆಗೆ ಇಳಿಯಿತು, ಆದರೂ ರೆಪ್ಪೆ ಬೀಳಲಿಲ್ಲ, ಏನು ಛಲ, ತಪ್ಪಿ ಬಿದ್ದರೂ ಯಾರಾದರೂ ಎಣಿಸಿಬಿಡುತ್ತಾರಲ್ಲ ಎಂದು ಹಿಡಿದುಕೊಂಡಿದ್ದಾಳೆ, ಅವಳು ಕಾಯುತ್ತಿರುವುದು ತನ್ನ ಮಾತಿಗೆ, ನಾನು ತೆರೆಯುತ್ತೇನೆಂಬ ನಂಬಿಕೆಯಿಂದ. ಭಾವನ ಕೈಯಲ್ಲಿ ಡಾಕ್ಟರ ಕಾಗದ, ಇನ್ನೊಂದರಲ್ಲಿ ಪೆನ್ನು, ಮುಚ್ಚಳವನ್ನೂ ತೆಗೆದಿಲ್ಲ, ನೀನು ನಿನ್ನೆ ಪಕ್ಕದಲ್ಲೇ ಇದ್ದೆಯಲ್ಲಪ್ಪ, ನಾಲ್ಕು ಗಂಟೆಯೂ ಇಲ್ಲೇ ಕೂತಿದ್ದೆಯಲ್ಲ, ಅವಳು ಬರೆದಿದ್ದು ಏನು. ಇದ್ದೆ ಭಾವ, ಒಂದು ಮೊಳ ದೂರದಲ್ಲಿದ್ದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನವರ ಜೊತೆ ಯಾವುದೋ ಪುಟದ ಯಾವುದೋ ತಪ್ಪಿಗೆ ಜಗಳವಾಡುತ್ತಿದ್ದೆ, ಬರೆದು ಮುಗಿಸಿ ಅವಳು ಕರೆದಳು, ಬಾ ಓದು, ಎರಡು ಸಲ ಕರೆದಳು, ನಾನು ಕೈ ಎತ್ತಿ ತಡಿ ಎಂದೆ, ಆಮೇಲೆ ಅವಳು ಕರೆಯಲಿಲ್ಲ, ನಾನೂ ಕೇಳಲಿಲ್ಲ, ಬೇಕೆಂದು ಬರೆದಳೋ, ಬೇಡವೆಂದು ಬರೆದಳೋ, ಎಲ್ಲಿಯವರೆಗೆ ಎಂದು ಬರೆದಳೋ — ಹೇಳಪ್ಪ, ಭಾವನ ಪೆನ್ನಿನ ಮುಚ್ಚಳ ಬಿಚ್ಚಿದ ಸದ್ದು, ಹೇಳು, ಏನು ಹೇಳಲಿ, ಯಾವುದನ್ನು ಹೇಳಿದರೂ ಅದು ಅವಳ ಮಾತಾಗಿಬಿಡುತ್ತದೆ, ಅಕ್ಕ ಈಗ ಪರದೆಯನ್ನು ಬಿಟ್ಟು ನನ್ನ ಕಡೆ ತಿರುಗಿದ್ದಾಳೆ, ಆದರೂ ಪರದೆಯ ಬೆಳಕು ಇನ್ನೂ ಅವಳ ಮುಖದ ಮೇಲಿದೆ, ಒದ್ದೆ ಕಣ್ಣಿನ ಅಂಚಿನಲ್ಲಿ, ಮಿಟುಕದ ಕಣ್ಣಿನ ಅಂಚಿನಲ್ಲಿ ಆ ನೀಲಿ ಬಳೆ, ಸುತ್ತುತ್ತಿದೆ, ಒಡೆದು, ಕೂಡಿ, ಸುತ್ತುತ್ತಿದೆ, ನೀಲಿ ಬಳೆ,